ಬಾಗಿಲಿಗೆ ಬಂದ ಬಿಸಿನೀರು

ಹೋಂಸ್ಟೇಗಳಿಗೆ ಬೆಡ್‌ಶೀಟು, ಟವೆಲು, ಬಕೆಟ್ಟು, ಕಾಲೊರೆಸು ಒದಗಿಸುವುದು ನನ್ನ ವ್ಯಾಪಾರ. ವಿರಾಜಪೇಟೆಯಲ್ಲಿ ಸ್ವಂತ ಅಂಗಡಿ ಇದೆ. ಅಪ್ಪನ ಆಸ್ತಿಯಿಂದ ಬಂದದ್ದಲ್ಲ, ಗಂಡ ಹಾಕಿಕೊಟ್ಟದ್ದೂ ಅಲ್ಲ. ಸೋಮವಾರಪೇಟೆ ಸಂತೆಯಲ್ಲಿ ಅಮ್ಮನ ಪಕ್ಕ ಕೂತು ಹಸಿಮೆಣಸು ಮಾರುತ್ತ ಮಾತು ಕಲಿತೆ. ಕಾಲೇಜಿಗೆಂದು ಇತ್ತ ಬಂದಾಗ ಪೇಟೆಯ ಹೊರಗಿನ ಹಾಸ್ಟೆಲ್ಲಿನ ಹುಡುಗಿಯರಿಗೆ ನೈಟಿ ಮಾರಿ ಬಂಡವಾಳ ಮಾಡಿಕೊಂಡೆ. ಗಿರಾಕಿ ಬೇಡ ಅಂದ ಕೂಡಲೇ ಸಾಮಾನು ಒಳಗಿಡಬಾರದು, ಇನ್ನೊಂದು ಬಣ್ಣ ತೋರಿಸಬೇಕು. ಇಂಥ ಬುದ್ಧಿಮಾತು ನನ್ನಲ್ಲಿ ಬೇಕಾದಷ್ಟಿದೆ. ಕೇಳದಿದ್ದರೂ ಹೇಳುತ್ತೇನೆ. ಇಲ್ಲೂ ನಡುನಡುವೆ ಬಂದರೆ ಸಹಿಸಿಕೊಳ್ಳಿ.

ಒಂದನ್ನು ಮಾತ್ರ ಈಗ ಎಲ್ಲೂ ಹೇಳುವುದಿಲ್ಲ. ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದು ಅದನ್ನೇ. ಮಹಿಳಾ ಸಂಘದವರು ಮೈಕು ಕೊಟ್ಟರೆ ಅದೇ, ಹೊಸದಾಗಿ ಅಂಗಡಿ ಇಡುವ ಹುಡುಗಿಯರು ಸಲಹೆ ಕೇಳಿ ಬಂದರೆ ಅದೇ. ಅದು ನಮ್ಮ ಹಾಸ್ಟೆಲ್ಲಿನ ಬಿಸಿನೀರಿನ ಕತೆ.

ಡಿಗ್ರಿಯ ಕೊನೆಯ ವರ್ಷದಲ್ಲಿ ನಾನು ಹಾಸ್ಟೆಲ್ ಲೀಡರ್. ಆಗ ಇಡೀ ಹಾಸ್ಟೆಲ್ಲಿಗೆ ನೀರು ಕಾಯುತ್ತಿದ್ದದ್ದು ಅಡುಗೆಮನೆಯ ಹಿಂದಿನ ಒಂದೇ ಹಂಡೆಯಲ್ಲಿ, ಕಾಫಿ ಗಿಡದ ಕಟ್ಟಿಗೆ ಉರಿಸಿ. ಚಳಿಗಾಲದ ಬೆಳಿಗ್ಗೆ ಆ ಹಂಡೆಯ ಮುಂದೆ ದಿನವೂ ಜಗಳ. ಸೀನಿಯರ್‌ಗಳು ಜೂನಿಯರ್‌ಗಳ ಬಕೆಟ್ಟನ್ನು ಕಾಲಿನಿಂದ ಸರಿಸುತ್ತಿದ್ದರು. ಜೂನಿಯರ್‌ಗಳು ಸೇಡಿಗೆ ಹಂಡೆಗೆ ತಣ್ಣೀರು ಸುರಿದು ಓಡುತ್ತಿದ್ದರು. ಒಂದು ದಿನ ಪರೀಕ್ಷೆಗೆ ಹೊರಟವಳೊಬ್ಬಳ ಜಡೆಯನ್ನು ಇನ್ನೊಬ್ಬಳು ಹಿಡಿದೆಳೆದು, ಇಬ್ಬರೂ ಬೂದಿಯಲ್ಲಿ ಬಿದ್ದರು. ವಾರ್ಡನ್ ಮೇಡಂ ನನ್ನನ್ನು ಕರೆದು, "ಲೀಡರ್ ಅಂತ ಬ್ಯಾಡ್ಜ್ ಹಾಕ್ಕೊಂಡು ಓಡಾಡಿದ್ರೆ ಸಾಲ್ದು, ಏನಾದ್ರೂ ಮಾಡಮ್ಮ" ಅಂದರು.

ನಾನು ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿ ಮಾತಾಡಿದೆ. ಜೂನಿಯರ್‌ಗಳಿಗೆ ಬೇಗ ಏಳುವುದು ಕಷ್ಟವಲ್ಲ, ನೋಟ್ಸು ಸಿಗುವುದು ಕಷ್ಟ. ಸೀನಿಯರ್‌ಗಳ ಹತ್ತಿರ ನೋಟ್ಸು ಬೇಕಾದಷ್ಟು, ಹಾಸಿಗೆ ಬಿಟ್ಟು ಏಳುವುದು ಆಗದು. ಹಾಗಾದರೆ ಒಬ್ಬೊಬ್ಬ ಸೀನಿಯರ್ ಒಬ್ಬೊಬ್ಬ ಜೂನಿಯರನ್ನು ತಂಗಿ ಅಂತ ತೆಗೆದುಕೊಳ್ಳಲಿ. ತಂಗಿ ಬೆಳಿಗ್ಗೆ ಬೆಂಕಿ ಹಾಕಿ, ಅಕ್ಕನ ಬಾಗಿಲಿಗೆ ಒಂದು ಬಕೆಟ್ ಬಿಸಿನೀರು ತಂದಿಡಲಿ. ಅಕ್ಕ ನೋಟ್ಸು ಕೊಡಲಿ, ಊಟದಲ್ಲಿ ಪಕ್ಕ ಕೂರಿಸಿಕೊಳ್ಳಲಿ, ಬಸ್‌ಸ್ಟ್ಯಾಂಡಿನಲ್ಲಿ ಪುಂಡರು ಕೀಟಲೆ ಮಾಡಿದರೆ ಮುಂದೆ ನಿಂತು ಮಾತಾಡಲಿ. ಜೂನ್‌ನಿಂದ ಚಳಿಗಾಲದ ಸುಗ್ಗಿ ಹಬ್ಬ ಹುತ್ತರಿಯವರೆಗೆ ಯಾರಿಗೆ ಯಾರು ಹೊಂದುತ್ತಾರೆಂದು ನೋಡುವುದು, ಹುತ್ತರಿ ರಜೆ ಮುಗಿಸಿ ಬಂದ ಮೇಲೆ ಎಲ್ಲರೆದುರು ತಲೆಗೆ ಹೂವು ಮುಡಿಸಿ ತಂಗಿಯಾಗಿ ತೆಗೆದುಕೊಳ್ಳುವುದು.

ಜಗಳ ನಿಂತಿತು. ಮುಂದಿನ ವಾರದಲ್ಲೇ ಕೊಡವ ಹುಡುಗಿ ಮಲಯಾಳಂ ಮನೆಮಾತಿನ ಹುಡುಗಿಗೆ ಕೊಡವ ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕುವುದು ಕಲಿಸುತ್ತಿದ್ದಳು. ಸೋಮವಾರ ಊರಿಂದ ಬಂದ ಡಬ್ಬಿಗಳ ಕಣಿಲೆ ಉಪ್ಪಿನಕಾಯಿ, ಕಾಡುಮಾವಿನ ಗೊಜ್ಜು ಎಲ್ಲರ ತಟ್ಟೆ ಸುತ್ತುತ್ತಿದ್ದವು. ಎರಡೂ ಕಡೆಯವರಿಗೆ ತಾವೇ ಗೆದ್ದೆವು ಅನ್ನಿಸುವ ಹಾಗೆ ವ್ಯವಹಾರ ಮುಗಿಸಬೇಕು. ಇದು ನಾನು ಎಲ್ಲೆಡೆ ಹೇಳುತ್ತಿದ್ದ ಪಾಠ.

ಕಳೆದ ಹುತ್ತರಿಯ ನಂತರ ಈಗಿನ ಹಾಸ್ಟೆಲ್ ಲೀಡರ್ ಫೋನು ಮಾಡಿದಳು. ದನಿ ಚುರುಕಾಗಿತ್ತು.

"ಅಕ್ಕ, ಈ ಸಲದ ಅಕ್ಕ-ತಂಗಿ ದಿನಕ್ಕೆ ನೀವೇ ಚೀಫ್ ಗೆಸ್ಟ್. ಶುರು ಮಾಡಿದ್ದೇ ನೀವಂತೆ, ವಾರ್ಡನ್ ಮೇಡಂ ಹೇಳಿದ್ರು. ಹಿಂದಿನ ದಿನ ಸಂಜೆನೇ ಬಂದು ನಮ್ಮ ಜೊತೆ ಉಳ್ಕೋಬೇಕು. ಇಲ್ಲ ಅನ್ನಂಗಿಲ್ಲ."

"ನಾನ್ಯಾಕೆ ಇಲ್ಲ ಅಂತೀನಿ ಮಗಾ" ಅಂದೆ. ಖುಷಿಯಲ್ಲಿ ಅಂಗಡಿಯ ಹುಡುಗಿಗೆ ಕಾಫಿ ತರಿಸಿ ಕೊಟ್ಟೆ.

ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ಹೋಂಸ್ಟೇಯವರು ಬಣ್ಣ ಹಿಡಿಸಲಿಲ್ಲ ಎಂದು ವಾಪಸು ಮಾಡಿದ್ದ ಟವೆಲುಗಳ ಕಟ್ಟು ಗೋಡೌನಿನಲ್ಲಿತ್ತು, ಹಳದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ. ಅದನ್ನೇ ರಿಬ್ಬನ್ ಕಟ್ಟಿಸಿ ತೆಗೆದುಕೊಂಡು ಹೋದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಆ ಸಂಜೆ ಊಟದ ಹಾಲಿನ ಬೆಂಚುಗಳನ್ನು ಗೋಡೆಗೆ ಸರಿಸಿ ಮಾರನೆಯ ದಿನದ ಉಮ್ಮತ್ತಾಟ್ ಕುಣಿತದ ಅಭ್ಯಾಸ ನಡೆಯುತ್ತಿತ್ತು. ಹೆಜ್ಜೆ ಬರುವವರು, ಬರದವರು, ಎಲ್ಲರ ಕೈಗೂ ತಾಳ ಕೊಟ್ಟು ವೃತ್ತಕ್ಕೆ ಸೇರಿಸಿಕೊಂಡಿದ್ದರು. ನನ್ನನ್ನೂ ಎಳೆದರು. ಕುಣಿಯುತ್ತ ತಿರುಗುವಾಗಲೆಲ್ಲ ಕಿಟಕಿಯ ಹತ್ತಿರ ಒಬ್ಬಳು ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದು ಕಾಣುತ್ತಿತ್ತು. ಓದುವ ಹುಡುಗಿ ಇರಬೇಕು ಅಂದುಕೊಂಡು ಮುಂದಿನ ಹೆಜ್ಜೆ ಹಾಕಿದೆ.

ಬೆಳಿಗ್ಗೆ ಮಹಡಿಯ ಗೆಸ್ಟ್ ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಸಣ್ಣ ಮೈಕಟ್ಟಿನ ಒಬ್ಬಳು ಹುಡುಗಿ, ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ಬಕೆಟ್ಟಿನ ಹಿಡಿ ಹಿಡಿದಿದ್ದಾಳೆ. ನೀರಿನಿಂದ ಹಬೆ ಏಳುತ್ತಿತ್ತು. ಬಕೆಟ್ಟು ನನ್ನ ಅಂಗಡಿಯದೇ, ಬದಿಯ ಸ್ಟಿಕ್ಕರು ನೋಡಿದರೆ ಗೊತ್ತಾಗುತ್ತದೆ.

"ಗುಡ್ ಮಾರ್ನಿಂಗ್ ಅಕ್ಕ. ನೀರು."

ನನಗೆ ಕಣ್ಣು ತುಂಬಿ ಬಂತು. ಇನ್ನೂ ನಡೆಸಿಕೊಂಡು ಬಂದಿದ್ದಾರಲ್ಲ ಎಂದು. ಬಕೆಟ್ಟನ್ನು ಬಚ್ಚಲಿಗೆ ಒಯ್ದು ಇಡುವಾಗ ಗೋಡೆಯಲ್ಲಿ ಎರಡು ನಲ್ಲಿ ಕಂಡವು. ಒಂದರ ಮೇಲೆ ಕೆಂಪು ಗುರುತು. ತಿರುಗಿಸಿದೆ. ಮೊದಲು ತಣ್ಣಗೆ, ಆಮೇಲೆ ಕೈ ಸುಡುವಷ್ಟು ಬಿಸಿ ನೀರು ಬಂತು.

ಹುಡುಗಿ ಇನ್ನೂ ಬಾಗಿಲಲ್ಲೇ ಇದ್ದಳು. ಬಕೆಟ್ಟು ವಾಪಸು ಒಯ್ಯಬೇಕಿತ್ತಂತೆ.

"ಇಲ್ಲೇ ಬಿಸಿನೀರು ಬರುತ್ತಲ್ಲ?"

"ಎಲ್ಲ ಬಾತ್‌ರೂಮಲ್ಲೂ ಬರುತ್ತೆ ಅಕ್ಕ. ಮೇಲೆ ಸೋಲಾರ್ ಹಾಕಿದ್ದಾರೆ. ತುಂಬಾ ವರ್ಷ ಆಯ್ತಂತೆ."

"ಮತ್ತೆ ನೀನು ಎಲ್ಲಿಂದ ತಂದೆ?"

"ಕೆಳಗಿನ ಬಾತ್‌ರೂಮಿಂದ."

"ಕೆಳಗಿನ ನಲ್ಲಿಯ ನೀರು ಮೇಲಿನ ನಲ್ಲಿಯವರಿಗೆ ಯಾಕೆ?"

ಅವಳು ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. "ಬಾಗಿಲಿಗೆ ತರ್ಬೇಕು ಅಕ್ಕ. ಅದು ರೂಲ್ಸು. ಹಿಂದೆ ಯಾವ್ದೋ ಲೀಡರ್ ಇದ್ರಂತೆ, ಅವ್ರು ಮಾಡಿದ್ದು. ತುಂಬಾ ಸ್ಟ್ರಿಕ್ಟಂತೆ ಅವ್ರು." ಆಮೇಲೆ ದನಿ ತಗ್ಗಿಸಿ, "ನಾನು ಹೇಳ್ದೆ ಅಂತ ಹೇಳ್ಬೇಡಿ" ಅಂದಳು.

ಹೇಳುವುದಿಲ್ಲ ಅಂದೆ. ಅವಳು ತಂದ ನೀರಲ್ಲೇ ಸ್ನಾನ ಮಾಡಿದೆ. ಚೆಲ್ಲಿದರೆ ಅವಳು ಹೊತ್ತದ್ದು ದಂಡವಾಗುತ್ತದೆ, ಹಾಕಿಕೊಂಡರೆ ಮೈಮೇಲೆ ಬಿದ್ದ ಪ್ರತಿ ಚೊಂಬಿಗೂ ಮುಖ ಬಿಸಿಯಾಗುತ್ತದೆ. ಹಂಡೆ ಹೋಗಿದೆ, ಬೆಂಕಿ ಹೋಗಿದೆ, ಜಗಳದ ಕಾರಣವೇ ಹೋಗಿದೆ. ಹೊರುವುದು ಮಾತ್ರ ಉಳಿದುಕೊಂಡಿದೆ.

ತಿಂಡಿಯ ಹೊತ್ತಿಗೆ ಆ ಕಿಟಕಿಯ ಹುಡುಗಿ ಮತ್ತೆ ಕಂಡಳು. ಅಷ್ಟು ಗಿಜಿಗಿಜಿಯಲ್ಲೂ ಅವಳ ಬೆಂಚು ಖಾಲಿ. ಉಪ್ಪಿನಕಾಯಿಯ ಡಬ್ಬಿಯೊಂದು ಕೈಯಿಂದ ಕೈಗೆ ಬರುತ್ತ ಬರುತ್ತ ಅವಳ ಹಿಂದಿನ ಬೆಂಚಿಗೆ ತಲುಪಿ, ಅಲ್ಲಿಂದ ಪಕ್ಕಕ್ಕೆ ತಿರುಗಿತು. ಕಡುಬನ್ನು ನೆಂಚಿಕೊಳ್ಳಲು ಏನೂ ಇಲ್ಲದೆ ಮುರಿದು ತಿನ್ನುತ್ತಿದ್ದಳು.

"ಅವಳ್ಯಾಕೆ ಒಬ್ಬಳೇ?" ಎಂದು ಲೀಡರನ್ನು ಕೇಳಿದೆ.

"ಅವ್ಳಾ? ಫಸ್ಟ್ ಇಯರ್. ನೀರು ಹೊರಲ್ಲ ಅಂತಾಳೆ ಅಕ್ಕ. ಜೂನಿಂದ ಒಂದು ಬಕೆಟ್ಟೂ ಹೊತ್ತಿಲ್ಲ. ಯಾರು ತಗೋತಾರೆ ಅವ್ಳನ್ನ?" ಲೀಡರ್ ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. "ನಾವೇನು ಹೊಡೀಲಿಲ್ಲ, ಬೈಲಿಲ್ಲ. ರೂಲ್ಸಿಗೆ ಬರದಿದ್ರೆ ಅಕ್ಕ ಸಿಗಲ್ಲ, ಅಷ್ಟೇ. ನೀವೇ ಅಲ್ವ ಹಾಗೆ ಮಾಡಿದ್ದು? ಇವತ್ತು ಮಧ್ಯಾಹ್ನ ಅವರಪ್ಪ ಬಂದು ಕರ್ಕೊಂಡು ಹೋಗ್ತಾರಂತೆ."

"ಎಲ್ಲಿಗೆ?"

"ಮನೆಗೆ. ಹಾಸ್ಟೆಲ್ ಬಿಡ್ತಾಳೆ."

ವಾರ್ಡನ್ ಮೇಡಂ ಹತ್ತಿರ ಹೋದೆ. ನಮ್ಮ ಕಾಲದವರೇ, ನಿವೃತ್ತಿಗೆ ಹತ್ತಿರವಿದ್ದಾರೆ. ಆ ಹುಡುಗಿಯ ಊರು ಭಾಗಮಂಡಲದ ಆಚೆಯಂತೆ. ಮನೆಯಿಂದ ದಿನಾ ಓಡಾಡಲು ಬಸ್ಸಿಲ್ಲ. ಹಾಸ್ಟೆಲ್ ಬಿಟ್ಟರೆ ಕಾಲೇಜೂ ಬಿಟ್ಟ ಹಾಗೆಯೇ. "ಒಳ್ಳೆ ಹುಡುಗಿ. ಆದ್ರೆ ಹುಡುಗೀರ ಮಧ್ಯದ ವಿಷ್ಯಕ್ಕೆ ನಾನು ಹೋಗಲ್ಲ. ಅದನ್ನ ಅವರವರೇ ಸರಿ ಮಾಡ್ಕೋಬೇಕು ಅಂತ ನೀನೇ ಆಗ ನಂಗೆ ಹೇಳಿಕೊಟ್ಟಿದ್ದೆ, ನೆನಪುಂಟಾ?" ಅಂದರು. ನೆನಪಿತ್ತು.

ಸರಿ, ನಾನೇ ಮಾತಾಡಿ ಸರಿಮಾಡುತ್ತೇನೆ ಅಂದುಕೊಂಡು ಅವಳ ರೂಮಿಗೆ ಹೋದೆ. ಇಂಥ ಮಾತುಕತೆಯಲ್ಲಿ ನಾನು ಸೋತದ್ದು ಕಡಿಮೆ. ಎದುರಿನವರು ಯಾವುದಕ್ಕೆ ಪಟ್ಟು ಹಿಡಿದಿದ್ದಾರೆಂದು ತಿಳಿದುಕೊಂಡು, ಅದರ ಪಕ್ಕದ್ದನ್ನು ಬಿಟ್ಟುಕೊಟ್ಟು, ಬೇಕಾದ್ದನ್ನು ಪಡೆಯುವುದು. ನನ್ನ ಹೊಟ್ಟೆಪಾಡೇ ಅದು.

ಹುಡುಗಿ ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು, ಮಂಚದ ಮೇಲಿನ ಪುಸ್ತಕ ಸರಿಸಿ ಜಾಗ ಮಾಡಿದಳು.

"ಓದೋದು ಬಿಡ್ತೀಯಂತೆ?"

"ಬಿಡುದಲ್ಲ. ಇಲ್ಲಿ ಇರ್ಲಿಕ್ಕೆ ಆಗುದಿಲ್ಲ, ಅಷ್ಟೇ." ಮಡಿಕೇರಿಯ ಆಚೆಯ ಅರೆಭಾಷೆಯ ರಾಗ ಅವಳ ಕನ್ನಡದಲ್ಲಿತ್ತು.

"ನೋಡು, ನಾನೂ ನಿನ್ನ ಹಾಗೇ ಕಷ್ಟದಿಂದ ಬಂದವಳು. ಜೀವನದಲ್ಲಿ ಸ್ವಲ್ಪ ಬಗ್ಗಬೇಕಾಗುತ್ತೆ. ಒಂದು ವಾರ ಹೊತ್ತುಬಿಡು. ಒಂದೇ ವಾರ. ಉಳಿದದ್ದು ನಾನು ಲೀಡರ್ ಹತ್ತಿರ ಮಾತಾಡ್ತೀನಿ."

ಅವಳು ತಲೆ ಅಲ್ಲಾಡಿಸಿದಳು.

"ಅರ್ಧ ಬಕೆಟ್ಟು?"

ಅವಳು ಒಂದು ಚೂಡಿದಾರನ್ನು ಮಡಚಿ ಟ್ರಂಕಿನಲ್ಲಿಟ್ಟಳು.

"ಹೋಗಲಿ, ಇವತ್ತು ಎಲ್ಲರೆದುರು ಒಂದು ಸಲ, ಶಾಸ್ತ್ರಕ್ಕೆ, ಖಾಲಿ ಬಕೆಟ್ಟಾದರೂ ಎತ್ತಿ ಇಡು. ಅವರ ಮರ್ಯಾದೆಯೂ ಉಳಿಯುತ್ತೆ, ನಿನ್ನ ಓದೂ ಉಳಿಯುತ್ತೆ."

ಆಗ ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ಅಕ್ಕ, ಅಮ್ಮನಿಗೆ ಸೊಂಟನೋವು. ಮನೆಯಲ್ಲಿ ಒಲೆಯಲ್ಲಿ ನೀರು ಕಾಯಿಸಿ ನಾನೇ ಬಚ್ಚಲಿಗೆ ಹೊರುದು. ಇಲ್ಲಿ ಜ್ವರ ಬಂದವರಿಗೆ ಕೇಳದೆಯೇ ತಂದುಕೊಟ್ಟಿದ್ದೇನೆ, ಬೇಕಾದ್ರೆ ಕೇಳಿ. ನಲ್ಲಿ ತಿರುಗಿಸ್ಲಿಕ್ಕೆ ಕೈ ಇರುವವರಿಗೆ ಎಂತಕೆ ಹೊರುದು? ಅದು ಗೊತ್ತಾದ್ರೆ ಹೇಳಿ, ಹೊರ್ತೇನೆ. ನಾನು ಎಲ್ಲರ ಹತ್ರವೂ ಕೇಳಿದೆ, ಯಾರಿಗೂ ಗೊತ್ತಿಲ್ಲ. ಶುರು ಮಾಡಿದವರಿಗೆ ಗೊತ್ತಿರ್ಬೇಕು."

ಶುರು ಮಾಡಿದವಳು ಅವಳ ಮಂಚದ ಮೇಲೆಯೇ ಕೂತಿದ್ದೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೇ ಕೇಳಿರಬೇಕು. "ನಿನ್ನಪ್ಪ ಬರೋದರೊಳಗೆ ಏನಾದರೂ ಮಾಡ್ತೀನಿ" ಅಂದು ಎದ್ದೆ.

ಮಧ್ಯಾಹ್ನ ಸಭೆ. ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಲೀಡರ್ ನನ್ನನ್ನು ಪರಿಚಯಿಸುತ್ತ, ಅಕ್ಕತಂಗಿಯರ ಪ್ರೀತಿಯ ಈ ಸಂಪ್ರದಾಯವನ್ನು ಹುಟ್ಟುಹಾಕಿದವರು ಅಂದಳು. ಬೆಳಿಗ್ಗೆ ನೀರು ತಂದಿದ್ದ ಚಿಕ್ಕ ಹುಡುಗಿ ಮೂರನೆಯ ಸಾಲಿನಲ್ಲಿ ಕೂತಿದ್ದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ವೇದಿಕೆಯ ಪಕ್ಕ ಬುಟ್ಟಿ ತುಂಬ ಸೇವಂತಿಗೆ. ಗೋಡೆಯುದ್ದಕ್ಕೂ ಸಾಲಾಗಿ ಬಕೆಟ್ಟುಗಳು, ಒಂದೊಂದರ ಹಿಡಿಗೂ ಬಣ್ಣದ ಕಾಗದ ಸುತ್ತಿದ್ದರು. ಕೊನೆಯ ಸಾಲಿನ ತುದಿಯಲ್ಲಿ ನೀರು ಹೊರದ ಆ ಹುಡುಗಿ ಬಂದು ಕೂತಿದ್ದಳು.

ನಾನು ತಯಾರಿ ಮಾಡಿಕೊಂಡು ಹೋಗಿದ್ದ ಭಾಷಣ ಬಿಟ್ಟು ಬೇರೆ ಮಾತಾಡಿದೆ. ನಮ್ಮ ಕಾಲದ ಹಂಡೆಯ ಜಗಳ ಹೇಳಿದೆ, ನಕ್ಕರು. ಆಮೇಲೆ, ಈಗ ಹಂಡೆಯಿಲ್ಲ, ನಲ್ಲಿ ಬಂದಿದೆ, ನೀರು ಹೊರುವುದು ಇವತ್ತಿಗೇ ಸಾಕು, ತಂಗಿಯನ್ನು ತಂಗಿಯಾಗಿ ತೆಗೆದುಕೊಳ್ಳಿ, ಬಕೆಟ್ಟಿಗಾಗಿ ಬೇಡ ಅಂದೆ. ಮಾಡಿದವಳೇ ತೆಗೆದುಹಾಕಿದರೆ ಯಾರೂ ಎದುರಾಡುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮೊದಲ ವರ್ಷದವರು ಚಪ್ಪಾಳೆ ತಟ್ಟಲು ಕೈ ಎತ್ತಿ, ಹಿಂದೆ ನೋಡಿ, ಇಳಿಸಿದರು. ಎರಡನೆಯ ವರ್ಷದವರ ಸಾಲಿನಲ್ಲಿ ಗುಜುಗುಜು ಎದ್ದಿತು.

ಒಬ್ಬಳು ಎದ್ದು ನಿಂತಳು. ಸಿದ್ದಾಪುರದ ಕಡೆಯವಳು, ದಪ್ಪ ಕನ್ನಡಕ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡಿದ್ದಳು.

"ಅಕ್ಕ, ಸಿಟ್ಟು ಮಾಡ್ಬೇಡಿ. ನಾವು ಒಂದು ವರ್ಷ ಇಡೀ ಹೊತ್ತಿದ್ದೇವೆ. ನನ್ನ ಸೀನಿಯರಿಗೆ ನೀರು ಸ್ವಲ್ಪ ತಣ್ಣಗಾದ್ರೆ ವಾಪಸ್ ಕಳಿಸ್ತಿದ್ರು, ಪುನಃ ಇಳ್ದು ಹತ್ತಿ ತಂದಿದ್ದೇನೆ. ಈಗ ನಮ್ಮ ಬಾಗಿಲಿಗೆ ಬರುವ ವರ್ಷವೇ ನಿಲ್ಲಿಸಿ ಅಂದ್ರೆ ನಾವು ಹೊತ್ತದ್ದು ಎಲ್ಲಿಗೆ ಹೋಯ್ತು?"

"ಹೌದು ಹೌದು" ಎಂದು ಸುತ್ತಲಿನವರು ದನಿಗೂಡಿಸಿದರು. ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ವ್ಯಾಪಾರದವಳಿಗೆ ಅರ್ಥವಾಗದೆ ಇರುತ್ತದೆಯೇ? ಇಲ್ಲಿ ಪಡೆದವರು ವಾಪಸು ಕೊಡುವುದಿಲ್ಲ, ಹೊತ್ತವರಿಗೆ ಅದನ್ನು ಮುಂದೆ ಬರುವವರು ಕೊಡಬೇಕು. ಹಾಗಾಗಿ ಯಾವ ವರ್ಷ ನಿಲ್ಲಿಸಿದರೂ ಒಂದು ಗುಂಪಿಗೆ ನಷ್ಟ. ಅಂಥದ್ದನ್ನು ನಾನು ಕಟ್ಟಿ ನಿಲ್ಲಿಸಿ, ಇಬ್ಬರಿಗೂ ಗೆಲುವು ಎಂದು ಊರೆಲ್ಲ ಸಾರಿದ್ದೆ. ಆ ಹುಡುಗಿಯರಿಗೆ ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

"ನಿಮಗಾದ ಬೇಜಾರು ಗೊತ್ತಾಗುತ್ತೆ" ಅಂದೆ.

"ಗೊತ್ತಿರುತ್ತೆ ಅಕ್ಕ. ನಿಮ್ಮ ಕಾಲದಲ್ಲಿ ಇನ್ನೂ ಕಷ್ಟ, ಹಂಡೆಯಿಂದ ಹೊರ್ಬೇಕಿತ್ತಲ್ಲ" ಅಂದಳು ಕನ್ನಡಕದ ಹುಡುಗಿ. ಕೆಣಕಲು ಕೇಳಿದ್ದಲ್ಲ, ಮರ್ಯಾದೆಯಿಂದಲೇ ಕೇಳಿದಳು. "ನೀವು ಹೊತ್ತದ್ದು ಯಾರಿಗೆ?"

ಹಳೆಯ ಕಾಲದ ಕತೆ ಬರುತ್ತದೆಂದು ಎಲ್ಲರೂ ನನ್ನ ಮುಖ ನೋಡಿದರು.

ನಿಮಗೆ ನಿಜ ಹೇಳುತ್ತೇನೆ, ಅಷ್ಟು ವರ್ಷ ಆ ಕತೆ ಹೇಳಿದ್ದೇನಲ್ಲ, ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ನಿಯಮ ಬಂದದ್ದು ನಾನು ಕೊನೆಯ ವರ್ಷದಲ್ಲಿದ್ದಾಗ. ಬಂದ ಮಾರನೆಯ ದಿನದಿಂದ ನನ್ನ ಬಾಗಿಲಿಗೆ ನೀರು ಬಂತು. ಮಾತಾಡಿಸಿದವಳು ನಾನು, ಎರಡೂ ಕಡೆಯವರನ್ನು ಒಪ್ಪಿಸಿದವಳು ನಾನು, ಒಂದನ್ನೂ ಹೊರದೆ ಎಲ್ಲವನ್ನೂ ಪಡೆದವಳೂ ನಾನೇ. ನನಗೆ ನೀರು ತರುತ್ತಿದ್ದ ತಂಗಿಯ ಮುಖ ನೆನಪಿದೆ. ಹಂಡೆಯ ಮಸಿ ಅವಳ ಹಣೆಗೆ ಹತ್ತಿರುತ್ತಿತ್ತು, ನಾನು ಹಾಸಿಗೆಯಿಂದಲೇ ನೋಡಿ ನಗುತ್ತಿದ್ದೆ.

"ಯಾರಿಗೂ ಇಲ್ಲ" ಅಂದೆ. "ನಾನು ಹೊತ್ತೇ ಇಲ್ಲ. ಒಂದು ಬಕೆಟ್ಟೂ."

ಯಾರೋ ಕಿಸಕ್ಕೆಂದರು. ಲೀಡರ್ ಪಾಪ, ಹೊಸಬಳು, ಅತಿಥಿಯ ಮರ್ಯಾದೆ ಉಳಿಸಬೇಕೆಂದು ಮೈಕು ಹತ್ತಿರ ಎಳೆದುಕೊಂಡು, "ಅಕ್ಕ ತಮಾಷೆ ಮಾಡ್ತಿದ್ದಾರೆ. ದೊಡ್ಡವರು ತಮ್ಮ ಕಷ್ಟ ಹೇಳ್ಕೊಳ್ಳಲ್ಲ. ಈಗ ಹೂವು ಮುಡಿಸೋ ಕಾರ್ಯಕ್ರಮ" ಅಂದಳು. ಚಪ್ಪಾಳೆ ಬಿತ್ತು. ನಾನು ತಮಾಷೆಯಲ್ಲ ಅಂದದ್ದು ಆ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಎರಡನೆಯ ಸಲ ಹೇಳುವ ಧೈರ್ಯ ಬರಲಿಲ್ಲ.

ಆಮೇಲೆ ಒಬ್ಬೊಬ್ಬರೇ ಬಂದರು. ತಂಗಿ ಬಕೆಟ್ಟು ಎತ್ತಿ ಅಕ್ಕನ ಮುಂದಿಡುವುದು, ನಾನು ಬುಟ್ಟಿಯಿಂದ ಹೂವು ತೆಗೆದು ಅಕ್ಕನ ಕೈಗೆ ಕೊಡುವುದು, ಅಕ್ಕ ತಂಗಿಗೆ ಮುಡಿಸುವುದು, ಫೋನುಗಳಲ್ಲಿ ಫೋಟೋ. ಬೆಳಿಗ್ಗೆಯ ಚಿಕ್ಕ ಹುಡುಗಿ ಬಂದಾಗ ನನ್ನ ಮುಖ ನೋಡಲಿಲ್ಲ. ನನ್ನ ಕೈ ಹೂವು ಕೊಡುತ್ತಲೇ ಇತ್ತು. ಬಿಟ್ಟು ಇಳಿದು ಹೋಗಬಹುದಿತ್ತು. ಇಷ್ಟು ಜನರ ಎದುರು ಕಾರ್ಯಕ್ರಮ ಕೆಡಿಸುವುದು ಹೇಗೆ ಎಂದು ಕೂತೆ. ಹೆಗಲ ಮೇಲಿನ ಶಾಲು ಚುಚ್ಚುತ್ತಿತ್ತು. ಕೊನೆಯ ಸಾಲಿನ ತುದಿಯ ಕುರ್ಚಿ ಆಗಲೇ ಖಾಲಿಯಾಗಿತ್ತು.

ಹೊರಗೆ ಗೇಟಿನ ಹತ್ತಿರ ಜೀಪು ನಿಂತಿತ್ತು. ಹುಡುಗಿಯ ಅಪ್ಪ ಕಾಫಿ ತೋಟದ ಕೆಲಸದಿಂದ ಸೀದಾ ಬಂದಿದ್ದರು, ಪ್ಯಾಂಟಿನ ಮಡಿಕೆಯಲ್ಲಿ ಇನ್ನೂ ಒಣಗಿದ ಎಲೆ. ಟ್ರಂಕನ್ನು ಹಿಂದಿನ ಸೀಟಿನ ಮೇಲೆ ಅರ್ಧ ತೂರಿಸಿದ್ದರು.

ನನ್ನನ್ನು ಕಂಡು ಕೈಮುಗಿದರು. "ನೀವು ಬೆಳಿಗ್ಗೆ ಮಗಳ ಹತ್ರ ಮಾತಾಡಿದಿರಂತೆ. ಉಪಕಾರ ಆಯ್ತು. ಎಂತ ಮಾಡುದು ಮೇಡಂ, ಅವಳದ್ದು ಒಂದೇ ಹಠ. ನಾನು ಹೇಳಿದೆ, ಹೊರು ಮಾರಾಯ್ತಿ, ನೀರಲ್ವಾ, ಕಲ್ಲಲ್ವಲ್ಲ ಅಂತ. ಕೇಳುದಿಲ್ಲ."

"ಅಪ್ಪ, ಸಾಕು" ಅಂದಳು ಮಗಳು.

ನಾನು ಏನಾದರೂ ಹೇಳಬೇಕಿತ್ತು. ವಿರಾಜಪೇಟೆಯಲ್ಲಿ ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನಲೇ, ಬೇರೆ ಹಾಸ್ಟೆಲ್ ಹುಡುಕುತ್ತೇನೆ ಎನ್ನಲೇ. ಬಾಯಿಗೆ ಬಂದ ಒಂದೊಂದೂ ಇನ್ನೊಂದು ಬಣ್ಣ ತೋರಿಸಿದ ಹಾಗೆ ಕಂಡಿತು.

ಅಷ್ಟರಲ್ಲಿ ಒಳಗಿಂದ ಕನ್ನಡಕದ ಹುಡುಗಿ ಬಂದಳು. ಕೈಯಲ್ಲಿ ಒಂದು ಸೇವಂತಿಗೆ, ಬುಟ್ಟಿಯಿಂದ ಅವಳೇ ಎತ್ತಿಕೊಂಡದ್ದಿರಬೇಕು, ನಾನು ಅವಳಿಗೆ ಕೊಟ್ಟಿರಲಿಲ್ಲ. ನನ್ನನ್ನು ದಾಟಿ ಹೋಗಿ ಜೀಪಿನ ಹತ್ತಿರ ನಿಂತಳು.

"ಏಯ್, ಟ್ರಂಕ್ ಇಳಿಸು" ಅಂದಳು.

"ಯಾಕೆ?"

"ನಾನು ತಗೊಳ್ತೇನೆ ನಿನ್ನ."

"ನಾನು ನೀರು ಹೊರುದಿಲ್ಲ."

"ಯಾರು ಹೊರು ಅಂದ್ರು? ನಂಗೆ ನಲ್ಲಿ ತಿರುಗಿಸ್ಲಿಕ್ಕೆ ಬರುತ್ತೆ."

"ನೀವೇ ಹೇಳಿದ್ರಲ್ಲ ಅಕ್ಕ, ವರ್ಷ ಇಡೀ ಹೊತ್ತದ್ದು ಎಲ್ಲಿಗೆ ಹೋಯ್ತು ಅಂತ."

ಕನ್ನಡಕದವಳು ಒಂದು ಗಳಿಗೆ ನನ್ನತ್ತ ನೋಡಿದಳು. "ಎಲ್ಲಿಗೂ ಹೋಗ್ಲಿಲ್ಲ. ಮೊದಲನೆಯವರೇ ಹೊತ್ತಿಲ್ಲಂತೆ. ಮತ್ತೆ ನಾನು ಯಾರ ಹತ್ರ ವಸೂಲಿ ಮಾಡುದು?" ಟ್ರಂಕಿನ ಹಿಡಿಗೆ ಕೈ ಹಾಕಿದಳು. "ನಿಂಗೆ ನನ್ನ ಪಕ್ಕ ಕೂರ್ಬೇಕು ಅಂತಿಲ್ಲ. ಕೂತ್ರೆ ಉಪ್ಪಿನಕಾಯಿ ಉಂಟು. ನೋಟ್ಸು ಮಾತ್ರ ನನ್ನದು ಸುಮಾರು, ಅಕ್ಷರ ಕೋಳಿ ಕೆದಕಿದ ಹಾಗೆ. ಹಿಡಿ ಆ ಕಡೆ, ಭಾರ ಉಂಟು."

ಹುಡುಗಿ ಅಪ್ಪನನ್ನು ನೋಡಿದಳು. ಅಪ್ಪ ಮಗಳನ್ನು ನೋಡಿದರು. "ಬೇಗ ಹೇಳಿ ಇಬ್ರೂ, ಕತ್ತಲಾದ್ರೆ ನಮ್ಮ ದಾರಿಯಲ್ಲಿ ಆನೆ ಬರ್ತದೆ" ಅಂದರು. ಅವಳು ಟ್ರಂಕಿನ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಅದನ್ನು ಇಳಿಸಿ, ಓಲಾಡುತ್ತ ಒಳಗೆ ಒಯ್ದರು. ಸೇವಂತಿಗೆ ಟ್ರಂಕಿನ ಮೇಲೆಯೇ ಇತ್ತು. ಬಾಗಿಲ ಹತ್ತಿರ ಜಾರಿ ಬಿತ್ತು, ಕನ್ನಡಕದವಳು ಬಗ್ಗಿ ಎತ್ತಿ ಅವಳ ಜಡೆಗೆ ಸಿಕ್ಕಿಸಿದಳು. ಅಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ.

ಕಿಟಕಿಗಳಲ್ಲಿ ಎರಡನೆಯ ವರ್ಷದವರ ಮುಖಗಳಿದ್ದವು. ಯಾವ ಮುಖವೂ ನಗುತ್ತಿರಲಿಲ್ಲ. ಅವರೆಲ್ಲ ನಾಳೆಯಿಂದ ಬಿಟ್ಟುಬಿಟ್ಟರು ಎಂದು ನಾನು ಬರೆಯಲಾರೆ. ಒಳಗೆ ಬಕೆಟ್ಟುಗಳು ಇನ್ನೂ ಸಾಲಾಗಿಯೇ ಇದ್ದವು, ಇವತ್ತೂ ಎಷ್ಟೋ ಬಾಗಿಲಿಗೆ ಹೋಗುತ್ತಿರಬಹುದು. ಆ ಹುಡುಗಿಯ ಓದು ಉಳಿದದ್ದು ಒಬ್ಬಳು ತನಗೆ ಬರಬೇಕಾದ್ದನ್ನು ಬಿಟ್ಟುಕೊಟ್ಟದ್ದರಿಂದ. ಅವಳು ಹೊತ್ತು ದಣಿದವಳು. ನಾನು ಯಾವತ್ತೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ವಾಪಸು ಬಂದ ಟವೆಲುಗಳನ್ನು ಬಿಟ್ಟರೆ.

ಅಪ್ಪ ಜೀಪಿನ ಹಿಂದಿನ ಬಾಗಿಲು ಹಾಕಲು ಹೋಗಿ ನಿಂತರು. "ಮೇಡಂ, ಪೇಟೆಗೆ ಹೋಗುದಾ? ಬನ್ನಿ, ನಾನೂ ಆ ಕಡೆಯೇ ಹೋಗುದು."

ಟ್ರಂಕು ಇಟ್ಟಿದ್ದ ಸೀಟಿನಲ್ಲಿ ಕೂತೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮಡಿಲಲ್ಲಿ.

ದಾರಿಯುದ್ದಕ್ಕೂ ಅವರು ಮಾತಾಡಿದರು. ಮಗಳು ಮನೆಯಲ್ಲಿ ಮೊದಲ ಡಿಗ್ರಿ ಓದುವವಳು, ಅವಳಮ್ಮ ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಈಗ ಫೋನು ಸಿಗುವ ಕಡೆ ನಿಲ್ಲಿಸಿ ಹೇಳಬೇಕು. ಮತ್ತೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ನೀವು ಬಂದು ಮಾತಾಡಿದ್ದಕ್ಕೆ ಆಯ್ತು. ದೊಡ್ಡವರು ಒಂದು ಮಾತು ಹೇಳಿದ್ರೆ ಅದರ ತೂಕವೇ ಬೇರೆ" ಅಂದರು.

"ನನ್ನಿಂದ ಆದದ್ದಲ್ಲ" ಅಂದೆ. "ಆ ರೂಲ್ಸು ಮಾಡಿದ್ದೇ ನಾನು. ನಿಮ್ಮ ಮಗಳು ಇಷ್ಟು ತಿಂಗಳು ಒಬ್ಬಳೇ ಕೂತು ಉಂಡದ್ದು ಅದರಿಂದ."

ಅವರು ಗೇರು ಬದಲಿಸಿದರು. ಎರಡು ತಿರುವು ದಾಟಿದೆವು. ಸದ್ಯ, ಈಗ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹಾಗೆಲ್ಲ ಹೇಳ್ಬೇಡಿ ಮೇಡಂ" ಅಂದರು ಕೊನೆಗೆ. "ನಿಮ್ಮಂಥವರು ಹಾಗೆಯೇ ಹೇಳುದು."

ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸಿ, ನಾನು ಬೇಡ ಬೇಡವೆಂದರೂ ಕೇಳದೆ, ಹಣ್ಣಿನ ಬುಟ್ಟಿಯನ್ನು ತಾವೇ ಎತ್ತಿ ನನ್ನ ಅಂಗಡಿಯ ಬಾಗಿಲವರೆಗೆ ಹೊತ್ತು ತಂದಿಟ್ಟರು.